ಎಡಕ್ಕೇ ಹೊಡೀರಿ

ಹೊಸ ಗಾಲ್ಫ್ ಕೋರ್ಸಿನಲ್ಲಿ ಮೊದಲ ಸಲ ಆಡಲು ಹೊರಟವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಉದ್ದ ಎಷ್ಟು, ಪಾರ್ ಎಷ್ಟು, ನೀರು ಎಲ್ಲೆಲ್ಲಿ ಅಡ್ಡ ಬರುತ್ತದೆ. ಇದಕ್ಕೆಲ್ಲ ಸ್ಕೋರ್ ಕಾರ್ಡಿನಲ್ಲೇ ಉತ್ತರ ಇರುತ್ತದೆ. ಕಾರ್ಡಿನಲ್ಲಿ ಬರೆಯದೇ ಇರುವುದು ಏನೆಂದು ಯಾರಾದರೂ ಕೇಳಿದರೆ ನಾನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಕಥೆ ಹೇಳುತ್ತೇನೆ. ಬೆಂಕಿಗೆ ಇನ್ನೊಂದು ಕೊರಡು ಹಾಕಿ. ಇದು ಬೇಗ ಮುಗಿಯುವ ಕಥೆಯಲ್ಲ.

ನಾನು ಆಟ ಕಲಿತದ್ದು ಮೈಸೂರಿನಲ್ಲಿ, ರೇಸ್ ಕೋರ್ಸಿನ ಒಳಗೇ ಇರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ. ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಅಲ್ಲಿಯೂ ಆಡಿದೆ. ನನಗೆ ಗೊತ್ತಿದ್ದ ಆಟದ ರೀತಿ ಒಂದೇ. ಮರಗಳ ಸಾಲು ದಾರಿ ತೋರಿಸುತ್ತದೆ, ಚೆಂಡನ್ನು ಎತ್ತರಕ್ಕೆ ಹಾರಿಸಬೇಕು, ನೀರುಂಡ ಮೆತ್ತನೆಯ ಗ್ರೀನಿನ ಮೇಲೆ ಇಳಿಸಬೇಕು, ಅದು ಬಿದ್ದ ಕಡೆಯೇ ನಿಲ್ಲುತ್ತದೆ. ಬೇರೆ ಥರವೂ ಆಡಬಹುದು ಎಂದು ಓದಿದ್ದೆನೇ ಹೊರತು ಕಾಲಿಗೆ ಆ ನೆಲ ತಾಗಿರಲಿಲ್ಲ.

ಅಕ್ಕನ ಮಗ ಎಡಿನ್‌ಬರೋದಲ್ಲಿ ಡಾಕ್ಟರು. ಒಂದು ಜೂನ್ ತಿಂಗಳು ಅವನ ಮನೆಗೆ ಹೋಗಿದ್ದಾಗ ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸಿನ ಮಾತು ತೆಗೆದೆ. “ಮಾವ, ಅಲ್ಲಿ ಟೀ ಟೈಮ್ ಎಷ್ಟೋ ತಿಂಗಳ ಮುಂಚೆ ಬುಕ್ ಆಗಿರುತ್ತೆ. ನೀವು ಒಬ್ಬರೇ ಆದ್ದರಿಂದ ಒಂದು ದಾರಿ ಇದೆ. ಬೆಳಕು ಹರಿಯೋ ಮುಂಚೆ ಹೋಗಿ ಸಾಲಲ್ಲಿ ನಿಂತುಕೊಳ್ಳಿ. ಇಬ್ಬರೋ ಮೂವರೋ ಆಡೋ ಗುಂಪಲ್ಲಿ ಜಾಗ ಇದ್ದರೆ, ಅವರು ಒಪ್ಪಿದರೆ, ನಿಮ್ಮನ್ನ ಸೇರಿಸ್ತಾರೆ” ಎಂದ. ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ತೆಗೆದುಕೊಂಡು ಹೋಗಲು ಮರೆಯಬೇಡಿ ಎಂದೂ ಎಚ್ಚರಿಸಿದ. ಅದಿಲ್ಲದೆ ಅಲ್ಲಿ ಬಿಡುತ್ತಿರಲಿಲ್ಲ.

ಎಡಿನ್‌ಬರೋದಿಂದ ಹೊರಟ ರೈಲು 1890ರಲ್ಲಿ ತೆರೆದ ಫೋರ್ತ್ ಸೇತುವೆಯನ್ನು ದಾಟಿ ಲೂಕರ್ಸ್ ಎಂಬ ಪುಟ್ಟ ನಿಲ್ದಾಣಕ್ಕೆ ತಂದು ಬಿಟ್ಟಿತು. ಸೇಂಟ್ ಆಂಡ್ರೂಸಿಗೆ ಈಗ ರೈಲಿಲ್ಲ, 1969ರಲ್ಲೇ ನಿಲ್ಲಿಸಿದ್ದಾರೆ. ಲೂಕರ್ಸಿನಿಂದ ಬಸ್ಸು. ಆ ಹಳೆಯ ರೈಲು ದಾರಿಯ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿದೆ. ಯುದ್ಧ ಮುಗಿದ ಮೇಲಿನ ಮೊದಲ ಓಪನ್ ಪಂದ್ಯಾವಳಿಗೆಂದು 1946ರಲ್ಲಿ ಅಮೆರಿಕದ ಸ್ಯಾಮ್ ಸ್ನೀಡ್ ರೈಲಿನಲ್ಲಿ ಬರುತ್ತಿದ್ದರು. ಕಿಟಕಿಯಿಂದ ಹೊರಗೆ ನೋಡಿ, ಇದೇನು ಪಾಳುಬಿದ್ದ ಗಾಲ್ಫ್ ಕೋರ್ಸಿನ ಹಾಗಿದೆಯಲ್ಲ ಎಂದರಂತೆ. ಅದು ಓಲ್ಡ್ ಕೋರ್ಸೇ ಆಗಿತ್ತು. ಆ ಸಲದ ಓಪನ್ ಗೆದ್ದವರೂ ಅವರೇ.

ಹಿಂದಿನ ಸಂಜೆ ಊರು ತಲುಪಿ ಮೊದಲ ಸಲ ಆ ನೆಲವನ್ನು ನೋಡಿದಾಗ ಸ್ನೀಡ್ ಹಾಗೇಕೆ ಅಂದರೆಂದು ನನಗೆ ಅರ್ಥವಾಯಿತು. ಮರವಿಲ್ಲ, ಕೆರೆಯಿಲ್ಲ, ಹೂವಿನ ಪಾತಿಯಿಲ್ಲ. ಅಲ್ಲಲ್ಲಿ ಉಬ್ಬು ತಗ್ಗು, ಕಂದು ಬಣ್ಣಕ್ಕೆ ತಿರುಗಿದ ಹುಲ್ಲು, ಆಚೆಗೆ ಕಡಲು. ನಮ್ಮ ಕಡೆ ಊರ ಹೊರಗಿನ ಗೋಮಾಳ ಹೇಗಿರುತ್ತದೋ ಹಾಗೆ. ಜನ ನಾಯಿ ಹಿಡಿದುಕೊಂಡು ಪಕ್ಕದ ದಾರಿಯಲ್ಲಿ ಓಡಾಡುತ್ತಿದ್ದರು. ಒಂದನೇ ಮತ್ತು ಹದಿನೆಂಟನೇ ಹೋಲುಗಳಿಗೆ ಅಡ್ಡಲಾಗಿಯೇ ಊರಿನ ರಸ್ತೆಯೊಂದು ಹಾದುಹೋಗುತ್ತದೆ. ಗ್ರಾನಿ ಕ್ಲಾರ್ಕ್ಸ್ ವೈಂಡ್ ಅಂತ ಅದರ ಹೆಸರು. ಆಟಗಾರರು ಚೆಂಡು ಹೊಡೆಯುವ ತನಕ ಕಾದಿದ್ದು ಕಾರುಗಳು ದಾಟುತ್ತವೆ.

ಜೂನಿನಲ್ಲಿ ರಾತ್ರಿ ಮೂರು ಗಂಟೆಗೇ ಅಲ್ಲಿನ ಆಕಾಶದಲ್ಲಿ ಬೆಳಕಿನ ಗೆರೆ ಮೂಡುತ್ತದೆ. ನಾನು ಹೋಗಿ ನಿಂತಾಗ ನನಗಿಂತ ಮುಂಚೆಯೇ ಬಂದವರು ಮಡಿಸುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದರು. ಒಬ್ಬರು ಕೊರಿಯಾದವರು, ಇಬ್ಬರು ಅಮೆರಿಕದವರು, ಒಬ್ಬರು ಆಸ್ಟ್ರೇಲಿಯಾದವರು. ಗಾಳಿ ಕಿವಿಯನ್ನೇ ಕೊರೆಯುತ್ತಿತ್ತು. ಫ್ಲಾಸ್ಕಿನ ಕಾಫಿ ಕೈಯಿಂದ ಕೈಗೆ ದಾಟಿತು. ಆ ಸಾಲು ಈಗಿಲ್ಲ. 2024ರಿಂದ ಒಂಟಿ ಆಟಗಾರರಿಗೂ ಹೆಸರು ನೋಂದಾಯಿಸಿ ಚೀಟಿ ಎತ್ತುವ ವ್ಯವಸ್ಥೆ ಬಂದಿದೆ. ಚಳಿಯಲ್ಲಿ ನಿಲ್ಲುವ ಕಷ್ಟ ತಪ್ಪಿತು, ನಿಜ. ಆದರೆ ಒಂದು ನೆಲಕ್ಕಾಗಿ ಲೋಕದ ಮೂಲೆಮೂಲೆಯಿಂದ ಬಂದವರು ಅಕ್ಕಪಕ್ಕ ಕೂತು ಬೆಳಕು ಕಾಯುವುದು ನನಗೆ ಆಟದ ಅರ್ಧ ಭಾಗವೇ ಆಗಿತ್ತು. ಅದು ಹೋದದ್ದಕ್ಕೆ ನನಗೆ ಬೇಸರವಿದೆ.

ಬೆಳಗ್ಗೆ ಸ್ಟಾರ್ಟರ್ ನನ್ನನ್ನು ಇಬ್ಬರ ಜೊತೆ ಸೇರಿಸಿದರು. ಒಬ್ಬರು ಅದೇ ಊರಿನ ನಿವೃತ್ತ ಮೇಷ್ಟರು, ಇನ್ನೊಬ್ಬರು ಅವರ ಮಗಳು. ನನಗೊಬ್ಬ ಕ್ಯಾಡಿಯನ್ನೂ ಗೊತ್ತುಮಾಡಿಕೊಂಡೆ. ಬೂದು ಗಡ್ಡದ, ಮಾತು ಕಡಿಮೆಯ ಮನುಷ್ಯ. ನನ್ನ ಚೀಲ ಹೆಗಲಿಗೇರಿಸಿಕೊಂಡು ಅವರು ಮೊದಲು ಕೇಳಿದ್ದು, ನೀವು ಎಷ್ಟು ದೂರ ಹೊಡೆಯುತ್ತೀರಿ ಅಂತ ಅಲ್ಲ. “ಇಲ್ಲಿ ಮೊದಲ ಸಲವೇ?” ಎಂದರು. ಹೌದೆಂದೆ. “ಹಾಗಾದರೆ ನಾನು ತೋರಿಸಿದ ಕಡೆ ಹೊಡೀರಿ. ಅನುಮಾನ ಬಂದರೆ ಎಡಕ್ಕೆ.”

ಮೊದಲನೇ ಟೀಯ ಬೆನ್ನಿಗೆ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ಕಲ್ಲುಕಟ್ಟಡ. 1854ರದು. ಅದರ ಕಿಟಕಿಗಳೆಲ್ಲ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಎದುರಿಗೆ ಮಾತ್ರ ಭಯಪಡಿಸುವಂಥದ್ದು ಏನೂ ಇಲ್ಲ. ಒಂದನೇ ಹೋಲಿಗೂ ಹದಿನೆಂಟಕ್ಕೂ ಒಂದೇ ಫೇರ್‌ವೇ, ಅಗಲ ಸುಮಾರು 130 ಗಜ, ಒಂದು ಬಂಕರ್ ಕೂಡ ಇಲ್ಲ. ಹೊಸಬರ ಎದೆ ಹೊಡೆದುಕೊಳ್ಳುವುದು ಆ ಬಯಲಿನಿಂದಲೇ. ಮರಗಳಿದ್ದರೆ ಗುರಿ ಸಿಗುತ್ತದೆ, ಇಲ್ಲಿ ಏನನ್ನು ನೋಡಿ ಹೊಡೆಯುವುದು? ಕ್ಯಾಡಿ ದೂರದಲ್ಲಿ ಒಂದು ಬಿಂದು ತೋರಿಸಿದರು. ಹೊಡೆದೆ. ಚೆಂಡು ಬಿದ್ದ ಮೇಲೂ ಉರುಳುತ್ತಲೇ ಹೋಯಿತು. ಗ್ರೀನಿನ ಮುಂದೆಯೇ ಸ್ವಿಲ್ಕನ್ ಎಂಬ ಸಣ್ಣ ಹಳ್ಳ ಹರಿಯುತ್ತದೆ. ಹತ್ತಿರ ಹೋಗುವ ತನಕ ಅದು ಎಷ್ಟು ಅಂಟಿಕೊಂಡಿದೆ ಎಂದು ತಿಳಿಯುವುದಿಲ್ಲ. “ಬಾವುಟ ನೋಡಬೇಡಿ, ಇನ್ನೊಂದು ಕ್ಲಬ್ ಜಾಸ್ತಿ ತೆಗೆದುಕೊಳ್ಳಿ” ಎಂದರು ಕ್ಯಾಡಿ. ಚೆಂಡು ಹಳ್ಳ ದಾಟಿ ಗ್ರೀನಿನ ಹಿಂಬದಿಗೆ ಹೋಗಿ ನಿಂತಿತು.

ಎರಡನೇ ಹೋಲಿನಿಂದ ಬಲಗಡೆಗೆ ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆ ಶುರು. ಊಟಿಯ ಬೆಟ್ಟಗಳ ಮೇಲೆ ನೀವೂ ನೋಡಿರುತ್ತೀರಿ, ಬ್ರಿಟಿಷರು ತಂದು ನೆಟ್ಟು, ಈಗ ತೆಗೆಯಲಾಗದಷ್ಟು ಹಬ್ಬಿದೆ. ಅದರೊಳಗೆ ಹೋದ ಚೆಂಡನ್ನು ಹುಡುಕುವ ಗೋಜಿಗೆ ಹೋಗಬಾರದು. ಎಡಕ್ಕೆ ಎಂದು ಕ್ಯಾಡಿ ಹೇಳಿದ್ದರ ಕಾರಣ ಅಲ್ಲಿ ತಿಳಿಯಿತು. ಹೋಗುವ ಹೋಲುಗಳೂ ಬರುವ ಹೋಲುಗಳೂ ಪಕ್ಕಪಕ್ಕದಲ್ಲೇ ಇವೆ. ಹೋಗುವಾಗ ಎಡಕ್ಕೆ ತಪ್ಪಿದರೆ ಬರುವವರ ಫೇರ್‌ವೇ, ಬರುವಾಗ ಎಡಕ್ಕೆ ತಪ್ಪಿದರೆ ಹೋಗುವವರ ಫೇರ್‌ವೇ. ಬಲಕ್ಕೆ ತಪ್ಪಿದರೆ ಮುಳ್ಳು, ಇಲ್ಲವೇ ಕೋರ್ಸಿನ ಗಡಿಯಾಚೆ.

ಗ್ರೀನುಗಳೂ ಹಂಚಿಕೊಂಡವೇ. ಒಂದು, ಒಂಬತ್ತು, ಹದಿನೇಳು, ಹದಿನೆಂಟು ಈ ನಾಲ್ಕಕ್ಕೆ ಮಾತ್ರ ಸ್ವಂತ ಗ್ರೀನು. ಉಳಿದ ಹದಿನಾಲ್ಕು ಹೋಲುಗಳಿಗೆ ಏಳೇ ಗ್ರೀನು, ಒಂದೊಂದರಲ್ಲಿ ಎರಡೆರಡು ಕುಳಿ. ಎರಡರ ಜೊತೆ ಹದಿನಾರು, ಮೂರರ ಜೊತೆ ಹದಿನೈದು, ಹೀಗೆ ಯಾವ ಜೋಡಿ ಕೂಡಿಸಿದರೂ ಹದಿನೆಂಟು ಬರುತ್ತದೆ. ಐದನೇ ಮತ್ತು ಹದಿಮೂರನೇ ಹೋಲಿನ ಗ್ರೀನು ಮೂವತ್ತು ಗುಂಟೆಗೂ ಮೀರಿದ್ದು. ನಮ್ಮಲ್ಲಿ ಅಷ್ಟು ಜಾಗದಲ್ಲಿ ಒಂದು ಮನೆ ಕಟ್ಟಿ, ಹಿತ್ತಿಲಲ್ಲಿ ತೆಂಗು ಹಾಕಿ, ಇನ್ನೂ ಜಾಗ ಉಳಿಸಿಕೊಳ್ಳಬಹುದು.

ಆ ಐದನೇ ಗ್ರೀನಿನ ಅಂಚಿಗೆ ಇನ್ನೂ ನಲವತ್ತು ಗಜ ಇರುವಾಗ ನಾನು ವೆಡ್ಜ್‌ಗೆ ಕೈಚಾಚಿದೆ. ಕ್ಯಾಡಿ ಪಟರ್ ಕೊಟ್ಟರು. ಅವರ ಮುಖ ನೋಡಿದೆ. “ಇಲ್ಲಿ ನೆಲದ ಮೇಲೇ ಕಳಿಸಬೇಕು” ಎಂದರು. ಕಾಲಡಿ ಇರುವುದು ಕಡಲು ಬಿಟ್ಟುಹೋದ ಮರಳು. ಅದರ ಮೇಲೆ ಸೂಜಿಯಷ್ಟು ಸಪುರದ ಫೆಸ್ಕ್ಯೂ ಹುಲ್ಲು. ಮಳೆನೀರು ನಿಲ್ಲುವುದೇ ಇಲ್ಲ, ನೆಲ ಗಟ್ಟಿ. ಎತ್ತರದಿಂದ ಬಿದ್ದ ಚೆಂಡು ಪುಟಿದು ಎಲ್ಲಿಗೋ ಹೋಗುತ್ತದೆ, ಗಾಳಿ ಸಿಕ್ಕಿದರೆ ಮೊದಲೇ ದಾರಿ ಬಿಟ್ಟಿರುತ್ತದೆ. ಉರುಳುವ ಚೆಂಡು ನೆಲದ ಮಾತು ಕೇಳುತ್ತದೆ. ಕ್ಯಾಡಿ ಬಾವುಟದ ಕಡೆ ತೋರಿಸದೆ, ಅದರಿಂದ ಬಹಳ ಎಡಕ್ಕೆ ಇದ್ದ ಒಂದು ಉಬ್ಬನ್ನು ತೋರಿಸಿದರು. ಅತ್ತ ತಳ್ಳಿದೆ. ಚೆಂಡು ಉಬ್ಬನ್ನು ಹತ್ತಿ, ಒಂದು ಕ್ಷಣ ತಡೆದು, ಬಲಕ್ಕೆ ಹೊರಳಿ, ತಗ್ಗಿನಲ್ಲಿ ಮರೆಯಾಗಿ, ಮತ್ತೆ ಮೇಲೆ ಬಂದು ಬಾವುಟದ ಸಮೀಪ ನಿಂತಿತು. ಮೇಷ್ಟರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ನನಗಲ್ಲ, ಕ್ಯಾಡಿಗೆ. ಅದು ನನಗೂ ಸರಿಯೆನ್ನಿಸಿತು.

ಮೇಷ್ಟರು ನಡೆಯುತ್ತಾ ಆ ನೆಲದ ಚರಿತ್ರೆ ಹೇಳಿದರು. 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಕೊಟ್ಟ ಸನ್ನದಿನಲ್ಲಿ, ಈ ಬಯಲಿನಲ್ಲಿ ಗಾಲ್ಫ್ ಆಡುವ ಹಕ್ಕು ಊರಿನ ಜನರದು ಎಂದು ಬರೆದಿದೆ. ಆಮೇಲೆ ಊರು ದಿವಾಳಿಯಾಗಿ 1797ರಲ್ಲಿ ಬಯಲು ಕೈತಪ್ಪಿತು. ಕೊಂಡವರು ಅದರಲ್ಲಿ ಮೊಲ ಸಾಕತೊಡಗಿದರು. ಮೊಲಗಳು ಎಲ್ಲೆಂದರಲ್ಲಿ ಬಿಲ ತೋಡಿದವು. ಆಡುವವರಿಗೂ ಮೊಲದವರಿಗೂ ಜಗಳ, ಹೊಡೆದಾಟ, ಕೋರ್ಟು ಕಚೇರಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಆ ಗಲಾಟೆ ಮುಗಿದದ್ದು 1821ರಲ್ಲಿ, ಪಕ್ಕದ ಜಮೀನ್ದಾರರೂ ಗಾಲ್ಫ್ ಆಟಗಾರರೂ ಆಗಿದ್ದ ಜೇಮ್ಸ್ ಚೀಪ್ ಅದನ್ನು ಕೊಂಡಾಗ. 1974ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದಲೇ ಒಂದು ಟ್ರಸ್ಟ್ ರಚಿಸಿ ಕೋರ್ಸುಗಳ ಉಸ್ತುವಾರಿ ಅದಕ್ಕೆ ವಹಿಸಿದರು. ಗೋಮಾಳದ ಹಾಗೆ ಕಾಣುತ್ತದೆ ಎಂದೆನಲ್ಲ, ಅದು ನಿಜಕ್ಕೂ ಊರೊಟ್ಟಿನ ಭೂಮಿ. ಗಾಲ್ಫ್ ಎಂದರೆ ಬೇಲಿ, ಸದಸ್ಯತ್ವ, ಗೇಟಿನಲ್ಲಿ ಕಾವಲುಗಾರ ಎಂದೇ ನೋಡಿಕೊಂಡು ಬಂದ ನನಗೆ, ಆಟ ಹುಟ್ಟಿಬೆಳೆದ ಜಾಗದಲ್ಲೇ ಬೇಲಿಯಿಲ್ಲ ಎಂಬುದು ದೊಡ್ಡ ವಿಷಯವಾಗಿ ಕಂಡಿತು. ನಮ್ಮೂರುಗಳಲ್ಲೂ ಇಂಥದ್ದೊಂದು ಬಯಲು ಇರಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಏಳನೇ ಹೋಲಿನ ಹೊತ್ತಿಗೆ ಈಡನ್ ನದಿಯ ಅಳಿವೆ ಹತ್ತಿರ ಬಂತು. ಅಲ್ಲಿ ಕೋರ್ಸು ಸುತ್ತು ತಿರುಗುತ್ತದೆ. ಏಳು ಮತ್ತು ಹನ್ನೊಂದನೇ ಹೋಲಿನ ದಾರಿಗಳು ಒಂದನ್ನೊಂದು ಕತ್ತರಿಸುವುದರಿಂದ ಯಾರು ಮೊದಲು ಹೊಡೆಯಬೇಕೆಂದು ಕೈಸನ್ನೆಯಲ್ಲೇ ತೀರ್ಮಾನಿಸಬೇಕು. ಅಲ್ಲಿಯ ತನಕ ಬೆನ್ನಿಗಿದ್ದ ಗಾಳಿ ತಿರುಗಿ ಎದುರಿಗೆ ಬಂತು. ಇಳಿತ ಉಬ್ಬರಕ್ಕೆ ಹೊರಳುವಾಗ ಗಾಳಿಯೂ ಹೊರಳುತ್ತದೆ ಎಂಬುದು ಆ ಊರಿನವರ ನಂಬಿಕೆ. ಹೋಗುವಾಗಲೂ ಎದುರು ಗಾಳಿ, ಬರುವಾಗಲೂ ಎದುರು ಗಾಳಿ ಅನುಭವಿಸಿದವರು ಎಷ್ಟೋ ಜನ ಇದ್ದಾರಂತೆ.

ಹತ್ತನೇ ಹೋಲಿಗೆ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹೆಸರಿದೆ. ಹನ್ನೊಂದರ ಟೀ ಮೇಲೆ ನಿಂತಾಗ ಕ್ಯಾಡಿ ಮೊದಲ ಬಾರಿಗೆ ತಾವಾಗಿ ಮಾತಾಡಿದರು. ಸುಮಾರು 170 ಗಜದ ಚಿಕ್ಕ ಹೋಲು, ಪಾರ್ ಮೂರು. ಗ್ರೀನಿನ ಎಡಕ್ಕೆ ಹಿಲ್ ಬಂಕರ್, ಮುಂದೆ ಸ್ಟ್ರಾತ್ ಬಂಕರ್. 1921ರ ಓಪನ್‌ನಲ್ಲಿ ಹತ್ತೊಂಬತ್ತು ವರ್ಷದ ಬಾಬಿ ಜೋನ್ಸ್ ಈ ಕೋರ್ಸಿನಲ್ಲಿ ಮೊದಲ ಸಲ ಸ್ಪರ್ಧಿಸಿದರು. ಮೂರನೇ ಸುತ್ತಿನಲ್ಲಿ ಆಟ ಕೈಬಿಟ್ಟು ಹೋಗುತ್ತಾ ಬಂದು, ಇಲ್ಲಿ ಹಿಲ್ ಬಂಕರಿನಲ್ಲಿ ಸಿಕ್ಕಿಕೊಂಡು, ಹೋಲು ಮುಗಿಸದೆ ಸ್ಪರ್ಧೆಯಿಂದಲೇ ಹೊರಬಂದರು. ಅದೇ ಜೋನ್ಸ್ 1927ರಲ್ಲಿ ಇಲ್ಲೇ ಓಪನ್ ಗೆದ್ದರು, 1930ರಲ್ಲಿ ಇಲ್ಲೇ ಬ್ರಿಟಿಷ್ ಅಮೆಚೂರ್ ಗೆದ್ದರು. 1958ರಲ್ಲಿ ಊರು ಅವರಿಗೆ ಪೌರಗೌರವ ಕೊಟ್ಟಿತು. ಅವರಿಗಿಂತ ಮುಂಚೆ ಆ ಗೌರವ ಸಿಕ್ಕಿದ್ದ ಅಮೆರಿಕನ್ನರು ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರೇ.

“ಅವರ ಕೈಯಲ್ಲಿ ಕೊರತೆಯೇನೂ ಇರಲಿಲ್ಲ. ಈ ನೆಲ ಅವರಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೇ” ಎಂದರು ಕ್ಯಾಡಿ. ಬಾವುಟ ಬಿಟ್ಟು ಗ್ರೀನಿನ ನಡುವಿಗೆ ಹೊಡೆಸಿದರು. ಪಾರ್ ಬಂತು.

ಹನ್ನೆರಡನೇ ಹೋಲಿನ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಟೀ ಮೇಲಿಂದ ನೋಡಿದರೆ ನೇರ ದಾರಿ. ಗ್ರೀನು ಕಾಣುತ್ತದೆ, ಬಾವುಟ ಕಾಣುತ್ತದೆ, ನಡುವೆ ಬರೀ ಹುಲ್ಲು. ಅಷ್ಟು ಹೊತ್ತಿನ ಆಟದಲ್ಲಿ ಇದೊಂದೇ ಸರಳ ಹೋಲು ಎಂದುಕೊಂಡು ಡ್ರೈವರ್ ಕೇಳಿದೆ. ಕ್ಯಾಡಿ ಚೀಲವನ್ನು ನೆಲಕ್ಕಿಟ್ಟರು. ಬೆರಳು ಚಾಚಿ, ಏನೂ ಇಲ್ಲದ ಜಾಗಗಳನ್ನು ಒಂದೊಂದಾಗಿ ತೋರಿಸಿದರು. ಅಲ್ಲೊಂದು, ಅದರ ಆಚೆ ಇನ್ನೊಂದು, ನಡುವೆ ಮತ್ತೊಂದು. ಫೇರ್‌ವೇ ಮಧ್ಯದಲ್ಲೇ ಬಂಕರುಗಳಿದ್ದವು. ಒಂದೂ ಕಾಣುತ್ತಿರಲಿಲ್ಲ. ಸಣ್ಣ ಉಬ್ಬುಗಳ ಹಿಂದೆ ಅಡಗಿದ್ದವು. ಮೇಷ್ಟರ ಮಗಳು ನಕ್ಕು, “ನಾವು ಚಿಕ್ಕವರಿದ್ದಾಗ ಅಪ್ಪ ಮೊದಲು ಇದನ್ನೇ ಬಾಯಿಪಾಠ ಮಾಡಿಸಿದ್ದು” ಎಂದರು. ಹಾಗೆಂದು ಎಡತುದಿಗೆ ಗುರಿ ಇಟ್ಟು ಹೊಡೆದರು. ನಾನೂ ಅವರ ಹಿಂದೆ ಅತ್ತಲೇ ಹೊಡೆದೆ. ನಡೆದು ಹೋಗುವಾಗ ಆ ಗುಂಡಿಗಳು ಒಂದೊಂದಾಗಿ ಬಾಯಿ ತೆರೆದುಕೊಂಡವು. ಗೋಡೆಯಂತೆ ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿದ, ಒಬ್ಬ ಮನುಷ್ಯ ಮತ್ತು ಅವನ ಕೋಪ ಎರಡಕ್ಕೆ ಮಾತ್ರ ಜಾಗವಿರುವಂಥ ಗುಂಡಿಗಳು. ಇಡೀ ಕೋರ್ಸಿನಲ್ಲಿ ಇಂಥವು 112 ಇವೆ.

ಹದಿನಾಲ್ಕರಲ್ಲಿ ಇರುವುದರ ಹೆಸರೇ ಹೆಲ್, ನರಕ. ಹತ್ತು ಅಡಿ ಆಳ. 1995ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್‌ಗೆ ಅದರಿಂದ ಹೊರಬರಲು ನಾಲ್ಕು ಹೊಡೆತ ಬೇಕಾಯಿತು, ಆ ಹೋಲಿಗೆ ಹತ್ತು. ಅದೇ ಕೋರ್ಸಿನಲ್ಲಿ ಎರಡು ಸಲ ಓಪನ್ ಗೆದ್ದಿದ್ದವರು ಅವರು. ನಾವು ಅದನ್ನು ಬಳಸಿಕೊಂಡು ಐದನೇ ಹೋಲಿನ ಫೇರ್‌ವೇ ಕಡೆಯಿಂದ ಸುತ್ತುಹಾಕಿ ಹೋದೆವು.

ಹದಿನೇಳು ರೋಡ್ ಹೋಲು. ಟೀ ಮೇಲೆ ನಿಂತರೆ ಎದುರಿಗೆ ಹಸಿರು ಶೆಡ್ಡುಗಳು, ಅವುಗಳ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೋಟೆಲಿನ ಹೆಸರು. ಹಳೆಯ ರೈಲ್ವೆ ಶೆಡ್ಡುಗಳು ಇದ್ದ ಜಾಗದಲ್ಲಿ ಅದೇ ಆಕಾರದಲ್ಲಿ ಕಟ್ಟಿದ್ದು. ಫೇರ್‌ವೇ ಅದರಾಚೆ ಇದೆ ಎಂದು ನಂಬಿ, ಗೋಡೆಯ ಮೇಲಿನ ಒಂದು ಅಕ್ಷರಕ್ಕೆ ಗುರಿಯಿಟ್ಟು, ಚಾವಣಿಯ ಮೇಲಿಂದ ಹೊಡೆಯಬೇಕು. ಮೊದಲ ಸಲ ಬಂದವರಿಗೆ ಇದಕ್ಕಿಂತ ಕಷ್ಟದ ಹೊಡೆತ ನಾನು ಬೇರೆಲ್ಲೂ ಕಂಡಿಲ್ಲ. ಕಷ್ಟ ಇರುವುದು ತೋಳಿನಲ್ಲಲ್ಲ. ಕಣ್ಣಿಗೆ ಕಾಣುವುದು ಗೋಡೆ. ಇನ್ನೊಬ್ಬರು ಹೇಳಿದ ಒಂದೇ ಮಾತಿನ ಮೇಲೆ ಅದರತ್ತ ಪೂರ್ತಿ ಬಲದಿಂದ ಬೀಸಬೇಕು. ಕ್ಯಾಡಿ ಅಕ್ಷರ ಹೇಳಿದರು. ಬೀಸಿದೆ. ಚೆಂಡು ಚಾವಣಿ ದಾಟಿ ಮರೆಯಾಯಿತು. ಅವರು ತಲೆಯಾಡಿಸಿ ನಡೆಯತೊಡಗಿದರು. ಚೆಂಡು ಹುಲ್ಲಿನ ಮೇಲೇ ಇತ್ತು.

ಆ ಗ್ರೀನಿನ ಮುಂದೆ ಆಳವಾದ ರೋಡ್ ಬಂಕರ್, ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. 1978ರಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನಿಗೆ ಬಂದಿದ್ದರು. ಪಟ್ ಮಾಡಿದ ಚೆಂಡು ಇಳಿಜಾರಿನಲ್ಲಿ ಉರುಳಿ ಬಂಕರಿಗೆ ಬಿತ್ತು, ಹೋಲು ಮುಗಿಯುವಾಗ ಒಂಬತ್ತು. ನಾವು ಮೂವರೂ ಗ್ರೀನಿಗೆ ಮೊದಲೇ ಚೆಂಡು ನಿಲ್ಲಿಸಿ, ಅಲ್ಲಿಂದ ಪಟರ್ ಹಿಡಿದು ಮೇಲಕ್ಕೆ ಉರುಳಿಸಿದೆವು.

ಹದಿನೆಂಟರಲ್ಲಿ ಸ್ವಿಲ್ಕನ್ ಕಲ್ಲುಸೇತುವೆ ದಾಟಿದೆವು. ರಸ್ತೆ ಬದಿಯ ಕಂಬಿಗೆ ಒರಗಿ ನಿಂತಿದ್ದ ಅಪರಿಚಿತರು, ಯಾರ ಆಟವಾದರೇನು ಎಂಬಂತೆ, ಮೇಷ್ಟರ ಕೊನೆಯ ಪಟ್‌ಗೆ ಚಪ್ಪಾಳೆ ಹೊಡೆದರು. ಕ್ಯಾಡಿಗೆ ಕೂಲಿ ಕೊಟ್ಟು, ಕೈ ಹಿಡಿದು, ನಮ್ಮ ಕಡೆಯ ರೀತಿಯಲ್ಲಿ ತಲೆಬಾಗಿದೆ.

ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಇಲ್ಲ. ನೆಲಕ್ಕೆ ರಜೆ. ಅಂದು ಅದು ಊರಿನ ಜನರ ಅಡ್ಡಾಟದ ಜಾಗ. ಆ ಭಾನುವಾರ ನಾನೂ ಹೋದೆ. ಮಕ್ಕಳು ಬಂಕರಿನಲ್ಲಿ ಮರಳು ತೋಡುತ್ತಿದ್ದರು, ನಾಯಿಗಳು ಫೇರ್‌ವೇಯಲ್ಲಿ ಓಡುತ್ತಿದ್ದವು. ನಾನು ಹದಿನೆಂಟರಿಂದ ಶುರುಮಾಡಿ ಹಿಂದುಹಿಂದಕ್ಕೆ ನಡೆದೆ. ಹನ್ನೆರಡನೇ ಗ್ರೀನಿನ ಮೇಲೆ ನಿಂತು ಟೀ ಕಡೆ ತಿರುಗಿದಾಗ, ಆಟದ ದಿನ ಒಂದೂ ಕಾಣದಿದ್ದ ಬಂಕರುಗಳು ಎಲ್ಲವೂ ಮುಖ ಕೊಟ್ಟು ನಿಂತಿದ್ದವು. ಯಾಕೆಂದು ಅಲ್ಲೇ ಹೊಳೆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಈ ಕೋರ್ಸನ್ನು ಸರದಿಯ ಮೇಲೆ ಎರಡೂ ದಿಕ್ಕಿನಿಂದ ಆಡುತ್ತಿದ್ದರು ಎಂದು ಮೇಷ್ಟರು ಹೇಳಿದ್ದರು. ಆ ಇನ್ನೊಂದು ದಿಕ್ಕಿನಿಂದ ಬರುವವರಿಗೆ ಇವು ಅಡಗಿಕೊಂಡೇ ಇರಲಿಲ್ಲ. ಹೊಸಬರನ್ನು ಬೀಳಿಸಲೆಂದು ಯಾರೂ ಅವನ್ನು ಬಚ್ಚಿಟ್ಟಿರಲಿಲ್ಲ. ಆಟದ ದಿಕ್ಕು ಒಂದೇ ಆಗಿ ಉಳಿದ ಮೇಲೆ ಬಂಕರುಗಳು ಇದ್ದಲ್ಲೇ ಇದ್ದವು, ಅಷ್ಟೇ. ಅಂದು ಸಂಜೆಯವರೆಗೂ ಒಂದೊಂದು ಹೋಲನ್ನು ಹೀಗೆ ಹಿಂದಿನಿಂದ ನೋಡಿಕೊಂಡು ಬಂದೆ.

ಮತ್ತೆ ಆಡಲು ಸಾಲಿನಲ್ಲಿ ನಿಂತೆ, ಜಾಗ ಸಿಗಲಿಲ್ಲ. ಪಕ್ಕದಲ್ಲೇ ನ್ಯೂ ಕೋರ್ಸ್ ಇದೆ. ಹೊಸದು ಎಂದು ಹೆಸರೇ ಹೊರತು ಓಲ್ಡ್ ಟಾಮ್ ಮಾರಿಸ್ ರೂಪಿಸಿದ ಅದು ತೆರೆದದ್ದು 1895ರಲ್ಲಿ. ಅಲ್ಲಿ ಜಾಗ ಸಿಕ್ಕಿತು. ಜೊತೆಗೆ ಸಿಕ್ಕವರು ಊರಿನ ಒಬ್ಬ ಬಡಗಿ, ಬಹಳ ವರ್ಷಗಳಿಂದ ಅಲ್ಲೇ ಆಡುವವರು. ಮೊದಲನೇ ಟೀ ಮೇಲೆ ನಿಂತು, ಚೀಲದಿಂದ ಚೆಂಡು ತೆಗೆಯುವ ಮುಂಚೆ, “ಇಲ್ಲಿಂದ ಕಾಣದೇ ಇರುವುದು ಏನೇನಿದೆ?” ಎಂದು ಅವರನ್ನು ಕೇಳಿದೆ. ಅವರಿಗೆ ಆ ಪ್ರಶ್ನೆ ಬಹಳ ಹಿಡಿಸಿತು. ಹಿಂದಿನ ಗುಂಪು ಇನ್ನೂ ಬಂದಿಲ್ಲ, ಅವಸರವಿಲ್ಲ ಎಂದು ಹೇಳಿ, ಎಡಗಡೆಯಿಂದಲೇ ಶುರುಮಾಡಿದರು.